ಲಾರಿಯ ಬಾಗಿಲ ಮೇಲಿನ ಕೈ

ಹಿಂದವಾಡಿ, ಬೆಳಗಾವಿ
18 ಜೂನ್ 2024

ಅನುರಾಧಾ,

ನಾನು ಚೆನ್ನಾಗಿದ್ದೇನೆ. ನಿನ್ನ ಅಣ್ಣ ಚೇತನನ ಮನೆಯಲ್ಲಿ ನನಗೆ ಯಾವ ಕೊರತೆಯೂ ಇಲ್ಲ. ಅವ್ವ ಫೋನ್ ಎತ್ತುವುದಿಲ್ಲ ಎಂದು ಅವನ ಹತ್ತಿರ ದೂರು ಹೇಳಿದೆಯಂತೆ. ನನ್ನ ಕಿವಿಗೆ ಏನೂ ಆಗಿಲ್ಲ. ನೀವು ಈಗಿನವರು ಫೋನಿನಲ್ಲಿ ಬಾಯಿ ತೆರೆಯದೆ ಮಾತಾಡುತ್ತೀರಿ. ಹೇಳುವುದಿದ್ದರೆ ಬರೆ. ಬರೆದರೆ ಆಮೇಲೆ ಹಾಗೆ ಅಂದೇ ಇಲ್ಲ ಅನ್ನಲು ಬರುವುದಿಲ್ಲ.

ಮೊನ್ನೆ ಖಾನಾಪುರದಿಂದ ನಾಗಲಿಂಗನ ಹೆಂಡತಿ ಬಂದಿದ್ದಳು. "ವೈನಿ, ನಿಮ್ಮ ಅನುರಾಧಾ ಟೀಚರ್ ಸ್ಟೇಶನ್ ರೋಡಿನಾಗ ಒಂದ ಹಾಳ ಜೀಪಿನ ಮುಂದ ಬೋರಲ ಬಿದ್ದಿದ್ಳರಿ. ಚಕ್ಕರ್ ಬಂದು ಬಿದ್ದಾಳಂತ ನೀರ ತಗೊಂಡು ಓಡಿದ್ರ, ಫೋಟೋ ಹೊಡ್ಯಾಕ ಹತ್ಯಾಳ!" ಅಂದು ನಕ್ಕಳು. ನಾನು ನಗಲಿಲ್ಲ. ಸಂಸಾರ ಬೇಡವೆಂದು ನೀನು ಅಂದಾಗ ನಾನು ಸುಮ್ಮನಿದ್ದೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು ಭಾನುವಾರ ಬಂತೆಂದರೆ ಹಳೇ ಮೋಟಾರುಗಳ ಮುಂದೆ ನೆಲಕ್ಕೆ ಬೀಳುವುದನ್ನು ಮಾತ್ರ ನಾನು ಯಾರಿಗೂ ವಿವರಿಸಲಾರೆ.

ಡಿಸೆಂಬರಿನ ನಿಮ್ಮ ಪ್ರದರ್ಶನಕ್ಕೆ ಅಪ್ಪನ ಲಾರಿಯ ಫೋಟೋ ಕೇಳಿದ್ದೀ. ಇಲ್ಲ. ಆಗ ಲಾರಿಯ ಫೋಟೋ ಯಾರೂ ತೆಗೆಯುತ್ತಿರಲಿಲ್ಲ. ಲಾರಿ ದುಡಿಯುತ್ತಿತ್ತು. ಉದ್ದ ಮೂಗಿನ ಹಳೇ ಲಾರಿ, ಹಣೆಯ ಮೇಲೆ 'ಮೈಲಾರಲಿಂಗ ಪ್ರಸನ್ನ' ಎಂದು ಬರೆಸಿತ್ತು. ಅದು ಮನೆಗೆ ಬಂದ ವರ್ಷ ದಸರೆಯ ಖಂಡೇಪೂಜೆಗೆ ನಾನು ಅರಿಶಿನದಲ್ಲಿ ಕೈ ಅದ್ದಿ ಡ್ರೈವರ್ ಬಾಗಿಲ ಮೇಲೆ ಒತ್ತಿದೆ. ಮಳೆಗೆ ಹೋಗಬಾರದೆಂದು ನಿಮ್ಮಪ್ಪ ಪೇಂಟರನನ್ನು ಕರೆಸಿ ಆ ಗುರುತಿನ ಮೇಲೇ ಹಳದಿ ಬಣ್ಣ ತುಂಬಿಸಿದರು. ತವರಿನ ಬಾವಿಯ ರಾಟೆಗೆ ಸಿಕ್ಕಿ ಸೊಟ್ಟಾದ ನನ್ನ ಬಲಗೈ ಕಿರುಬೆರಳು ಕೂಡ ಹಾಗೆಯೇ ಬಂದಿತ್ತು. ಖಾನಾಪುರದಿಂದ ಗೋವೆಯವರೆಗೆ ಭರಮಪ್ಪ ಪೂಜೇರಿಯ ಲಾರಿ ಅಂದರೆ ಕೈಯ ಲಾರಿ.

ಅದು ಚೋರ್ಲಾ ಘಾಟಿನಲ್ಲಿ ಬಿದ್ದು ಹಾಳಾದ ಕತೆ ನಿನಗೆ ಗೊತ್ತು. ಸತ್ತದ್ದನ್ನು ಹುಡುಕಬೇಡ.

ನಿನ್ನ ಅವ್ವ,
ಭೀಮಕ್ಕ

*

ಖಾನಾಪುರ
7 ಜುಲೈ 2024

ಅವ್ವಾ,

ನಾಗಲಿಂಗ ಕಾಕಾನ ಹೆಂಡತಿ ತಂದ ನೀರನ್ನು ನಾನು ಕುಡಿದೆ. ಬಿದ್ದು ಬಿದ್ದು ಬಾಯಾರಿತ್ತು.

ನೆಲಕ್ಕೆ ಬೀಳುವುದಕ್ಕೆ ಕಾರಣವಿದೆ. ಕ್ಯಾಮೆರಾ ಗಾಡಿಯ ಕಣ್ಣಿಗಿಂತ ಕೆಳಗಿರಬೇಕು, ಇಲ್ಲದಿದ್ದರೆ ಎಂಥ ಲಾರಿಯೂ ಮಕ್ಕಳ ಆಟಿಕೆಯಂತೆ ಕಾಣುತ್ತದೆ. ಮೋಡದ ದಿನ ಬೇಕು, ಬಿಸಿಲಿದ್ದರೆ ಬಂಪರಿನಲ್ಲಿ ಗಾಡಿಗಿಂತ ನಾನೇ ಹೆಚ್ಚು ಕಾಣುತ್ತೇನೆ. ನಾವು ಧೂಳು ಒರೆಸುವುದಿಲ್ಲ, ತುಕ್ಕು ಮುಟ್ಟುವುದಿಲ್ಲ. ಸ್ಟೇರಿಂಗಿನ ಬಣ್ಣ ಎಲ್ಲಿ ಸವೆದಿದೆ ಎಂದು ನೋಡಿದರೆ ಓಡಿಸಿದವನ ಕೈ ಎಲ್ಲಿರುತ್ತಿತ್ತು ಎಂದು ತಿಳಿಯುತ್ತದೆ. ಅಪ್ಪನ ಕೈ ಎಲ್ಲಿರುತ್ತಿತ್ತೋ ನನಗೆ ನೆನಪಿಲ್ಲ. ಅದಕ್ಕೇ ಕೇಳಿದ್ದು.

ಹಳೇ ಗಾಡಿಗಳ ಫೋಟೋ ತೆಗೆಯುವ ನಮ್ಮ ತಂಡದಲ್ಲಿ ಅವಧೂತ ಎಂಬ ಹಲ್ಲಿನ ಡಾಕ್ಟರ್ ಇದ್ದಾರೆ. "ಘಾಟಿನಾಗ ಬಿದ್ದ ಲಾರಿ ಪೂರಾ ಸಾಯಂಗಿಲ್ಲ ಟೀಚರ್. ಎಂಜಿನ್ ಒಬ್ಬಂವ ಒಯ್ತಾನ, ಬಾಗಿಲಾ ಒಬ್ಬಂವ. ಹುಡುಕೂಣು ತಡೀರಿ" ಅನ್ನುತ್ತಾರೆ. ಬಿದ್ದ ಜಾಗವನ್ನು ನೀನು ನೋಡಿದ್ದೆಯಾ? ಸುದ್ದಿ ತಂದವರು ಯಾರು?

ಹಲಸಿಯ ಆಚೆ ಒಂದು ಹಿತ್ತಿಲಲ್ಲಿ ಮೂಗಿನ ಲಾರಿ ನಿಂತಿದೆಯೆಂದು ನಮ್ಮ ಶಾಲೆಯ ಜವಾನ ಹೇಳಿದ. ಮಳೆ ಬಿಟ್ಟ ಭಾನುವಾರ ಹೋಗಿಬರುತ್ತೇನೆ. ಅಪ್ಪನ ಲಾರಿ ಎಷ್ಟು ಎತ್ತರವಿತ್ತೆಂಬ ಅಂದಾಜಾದರೂ ಸಿಗುತ್ತದೆ.

ಅನುರಾಧಾ

*

ಹಿಂದವಾಡಿ
15 ಜುಲೈ 2024

ಅನುರಾಧಾ,

ಈ ಮಳೆಯಲ್ಲಿ ಹಲಸಿಯ ಕಡೆ ಹೋಗಬೇಡ. ರಸ್ತೆ ಸರಿಯಿಲ್ಲ. ಗುಡಿ ನೋಡುವುದಿದ್ದರೆ ಬೇಸಿಗೆಯಲ್ಲಿ ಶಾಲೆಯ ಮಕ್ಕಳ ಜೊತೆ ಹೋಗು. ಗುಡಿಯ ಆಚೆ ನೋಡುವಂಥದ್ದು ಏನೂ ಇಲ್ಲ.

ಸುದ್ದಿ ತಂದವರು ನಿಮ್ಮಪ್ಪನೇ. ಜಾಗ ನಾನು ನೋಡಿಲ್ಲ. ಇನ್ನು ಈ ಮಾತು ಬೇಡ.

ಅವ್ವ

*

ಖಾನಾಪುರ
20 ಆಗಸ್ಟ್ 2024

ಅವ್ವಾ,

ಹೋದೆ.

ತಗಡಿನ ಚಪ್ಪರದ ಕೆಳಗೆ ನಿಂತಿದೆ. ಗಾಲಿಗಳಿಲ್ಲ, ಕಲ್ಲಿನ ಮೇಲೆ ಕೂರಿಸಿದ್ದಾರೆ. ಹಣೆಯ ಮೇಲೆ 'ಮೈಲಾರಲಿಂಗ' ಉಳಿದಿದೆ, 'ಪ್ರಸನ್ನ' ಹೋಗಿದೆ. ಮೈಯೆಲ್ಲ ತುಕ್ಕು ಹಿಡಿದ ಆ ಲಾರಿಯಲ್ಲಿ ಡ್ರೈವರ್ ಬಾಗಿಲ ಮೇಲಿನ ಕೈ ಮಾತ್ರ ನಿನ್ನೆ ಬರೆಸಿದಂತೆ ಹಳದಿಯಾಗಿದೆ. ಕಿರುಬೆರಳು ಸೊಟ್ಟ. ನಾನು ನೆಲಕ್ಕೆ ಬೀಳಲು ಹೋದವಳು ಅಲ್ಲೇ ಕುಳಿತುಬಿಟ್ಟೆ.

ಮನೆಯಾಕೆಯ ಹೆಸರು ಮಾಯಾ, ಅರವತ್ತರ ಆಸುಪಾಸು. ಮಗ ಓಂಕಾರ, ಖಾನಾಪುರದಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಾನೆ. ಅವನು ಚಹಾ ತಂದುಕೊಟ್ಟಾಗ ನಾನು ಅವನ ಮುಖ ನೋಡಿದೆ. ಚೇತನನೂ ಹಾಗೆಯೇ ಹುಬ್ಬು ಗಂಟಿಕ್ಕುತ್ತಾನೆ. ನಾನು ಯಾರೆಂದು ಅವರಿಗೆ ಹೇಳಲಿಲ್ಲ. ಖಾನಾಪುರದ ಟೀಚರ್, ಹಳೇ ಗಾಡಿಯ ಹುಚ್ಚಿ ಅಂದೆ ಅಷ್ಟೇ.

ಆ ಕೈ ಯಾರದೆಂದು ಕೇಳಿದೆ. ಆಕೆ ಹೇಳಿದ್ದನ್ನು ನಾನಾಗಿ ನಿನಗೆ ಬರೆಯಲಾರೆ. ನೀನು ಕೇಳಿದರೆ ಹೇಳುತ್ತೇನೆ. ಫೋಟೋ ಇದರ ಜೊತೆ ಇದೆ.

ಅನುರಾಧಾ

*

ಹಿಂದವಾಡಿ
29 ಆಗಸ್ಟ್ 2024

ಅನುರಾಧಾ,

ಕೇಳಿದರೆ ಹೇಳುತ್ತೀಯಂತೆ. ನಾನು ಜೀವಮಾನದಲ್ಲಿ ಯಾರನ್ನೂ ಏನೂ ಕೇಳಿದವಳಲ್ಲ. ನಿಮ್ಮಪ್ಪನನ್ನೇ ಕೇಳಲಿಲ್ಲ.

ಶ್ರಾವಣದ ಮಳೆಯಲ್ಲಿ ಅವರು ನಡೆದುಕೊಂಡೇ ಮನೆಗೆ ಬಂದರು. "ಲಾರಿ ಹೋತು ಭೀಮಕ್ಕಾ. ಘಾಟಿನಾಗ ಕೆಳಗ ಹೋತು, ನಾ ಹಾರಿ ಉಳದೇನಿ" ಅಂದರು. ಅಂಗಿಗೆ ಕೆಸರಿರಲಿಲ್ಲ. ಮೊಣಕೈ ತರಚಿರಲಿಲ್ಲ. ನಾನು ರೊಟ್ಟಿ ಕಟ್ಟಿಕೊಟ್ಟ ಡಬ್ಬಿ ಕೈಚೀಲದಲ್ಲಿತ್ತು, ತೊಳೆದು, ಒರೆಸಿ, ಮುಚ್ಚಳ ಹಾಕಿ. ಘಾಟಿನಲ್ಲಿ ಹಾರಿ ಜೀವ ಉಳಿಸಿಕೊಂಡ ಗಂಡಸು ಡಬ್ಬಿ ತೊಳೆದು ತರುವುದಿಲ್ಲ. ಹಾಗೆ ಡಬ್ಬಿ ತೊಳೆಯುವುದು ಹೆಂಗಸು. ಮರುದಿನ ಅದೇ ಡಬ್ಬಿಗೆ ಮತ್ತೆ ರೊಟ್ಟಿ ಕಟ್ಟಿದೆ.

ಓಣಿಯ ಹೆಂಗಸರು ಬಂದು ಅತ್ತರು. ಘಾಟಿನ ತಿರುವು, ಮಂಜು, ಒಡೆದ ಬ್ರೇಕು, ಎಲ್ಲವನ್ನೂ ಅವರಿಗೆ ಹೇಳಿದವಳು ನಾನೇ. ನಿಮಗೂ ನಾನೇ ಹೇಳಿದೆ. ಅವರು ಆ ಸುಳ್ಳು ಹೇಳಿದ್ದು ಒಂದು ಸಲ. ಇಷ್ಟು ವರ್ಷ ಅದಕ್ಕೆ ಉಣ್ಣಿಸಿ ಬೆಳೆಸಿದ್ದು ನಾನು. ಹಲಸಿಯ ಕಡೆ ಏನಿದೆಯೆಂದು ಜನ ನನ್ನ ಬೆನ್ನ ಹಿಂದೆ ಅಂದದ್ದೂ ಕಿವಿಗೆ ಬಿದ್ದಿತ್ತು. ನೆಹರು ನಗರದ ಆಸ್ಪತ್ರೆಯಲ್ಲಿ ಕೊನೆಯ ದಿನ ಅವರು ನನ್ನ ಕೈ ಹಿಡಿದು ಏನೋ ಹೇಳಲು ಬಂದರು. "ಸುಮ್ಮ ಮಲಕೋರಿ" ಅಂದೆ. ಹೇಳಗೊಡಲಿಲ್ಲ. ಹೇಳಿಬಿಟ್ಟಿದ್ದರೆ ಹಗುರಾಗಿ ಹೋಗುತ್ತಿದ್ದರು.

ಆದ್ದರಿಂದ ಹೆಂಗಸೊಬ್ಬಳಿದ್ದಾಳೆ, ಮಗನಿದ್ದಾನೆ ಎಂದರೆ ನಾನು ಎದೆ ಒಡೆದುಕೊಳ್ಳುವುದಿಲ್ಲ. ನನ್ನ ಕೈಯನ್ನು ಅವಳು ಯಾಕೆ ಅಳಿಸಿಲ್ಲ? ಅದನ್ನು ಬರೆ.

ಭೀಮಕ್ಕ

*

ಖಾನಾಪುರ
10 ಸೆಪ್ಟೆಂಬರ್ 2024

ಅವ್ವಾ,

ಆಕೆ ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತೇನೆ.

"ಇದು ನಮ್ಮ ದೊಡ್ಡಕ್ಕನ ಕೈರಿ. ನಮ್ಮ ಮನಿಯವರ ಮೊದಲನೇ ಹೆಂಡತಿ. ನಾ ಬರೂಕಿಂತ ಮೊದಲ ತೀರಿಕೊಂಡ್ಳಂತ. ಪುಣ್ಯವಂತಿ, ಮುತ್ತೈದಿಯಾಗಿ ಹ್ವಾದ್ಳು. ಮಕ್ಕಳನ್ನ ಬೆಳಗಾಂವದಾಗ ಅಕ್ಕನ ತವರಿನವರು ಬೆಳಸಾಕ ಹತ್ಯಾರ, ಅವರ ಕಣ್ಣಿಗೆ ನೀ ಬೀಳಬ್ಯಾಡ ಅಂದಿದ್ರು. ಖರೇನ ಹೇಳತೇನಿ, ಒಂದ ದಿನಾ ಆ ಕಡೆ ಮಾರಿ ಹಾಕಿಲ್ರಿ. ಅವರು ಸತ್ತ ಸುದ್ದಿ ಸೈತ ನನಗ ಎಲ್ಲಾ ಕಾರ್ಯ ಮುಗದ ಮ್ಯಾಲ ಬಂತು."

ಮೊದಲ ಹೆಂಡತಿ ಸತ್ತ ಮನೆಗೆ ಬಂದವಳು ಆ ಸತ್ತವಳನ್ನೇ ಹಿರಿಯಳೆಂದು ಪೂಜಿಸಬೇಕು, ಇಲ್ಲದಿದ್ದರೆ ಮನೆಗೆ ಏಳಿಗೆಯಿಲ್ಲ ಎನ್ನುವ ನಮ್ಮ ಕಡೆಯ ಪದ್ಧತಿ ನೀನೇ ಹೇಳಿದ್ದು. ಬೇರೆಯವರು ಬೆಳ್ಳಿಯಲ್ಲಿ ಮುಖ ಮಾಡಿಸಿ ಕೊರಳಿಗೆ ಕಟ್ಟಿಕೊಳ್ಳುತ್ತಾರೆ. ಆಕೆ ನಿನ್ನ ಮುಖ ಕಂಡಿರಲಿಲ್ಲ. ಲಾರಿಯ ಬಾಗಿಲಲ್ಲಿ ಕೈ ಇತ್ತು. ಹಬ್ಬದ ಮೊದಲ ಎಡೆ ಆ ಬಾಗಿಲಿಗೆ. ಹೊಸ ಸೀರೆಯನ್ನು ಬಾಗಿಲಿಗೆ ಮುಟ್ಟಿಸಿ ಆಮೇಲೆ ಉಡುತ್ತಾಳೆ. ಗುಜರಿಯವರು ಬಂದು ಬಂದು ಕೇಳಿದರೂ ಲಾರಿ ಕೊಡದಿರುವುದು ಅದಕ್ಕೇ. ಬಣ್ಣ ಮಾಸಿದರೆ ಪೇಂಟರನ ಬಾಜು ನಿಂತು, "ಕಿರಿಬೆರಳ ನೆಟ್ಟಗ ಮಾಡೀಯೋ ಮಾರಾಯಾ, ಅಕ್ಕ ಸಿಟ್ಟಾಕ್ಕಾಳ" ಅಂದು ಬರೆಸುತ್ತಾಳಂತೆ.

ಇಷ್ಟೇ ಅವ್ವಾ. ಕೇಳಿದ್ದಕ್ಕೆ ಬರೆದೆ.

ಅನುರಾಧಾ

*

ಹಿಂದವಾಡಿ
21 ಸೆಪ್ಟೆಂಬರ್ 2024

ಅನುರಾಧಾ,

ನಿನ್ನ ಕಾಗದ ಬಂದು ಕೆಲವು ದಿನಗಳಾದವು. ಮೈ ಸರಿಯಿಲ್ಲವೆಂದು ಚೇತನನಿಗೆ ಹೇಳಿದೆ.

ನನಗೆ ಲಾರಿ ಸತ್ತಿತು ಅಂದ. ಅವಳಿಗೆ ನಾನು ಸತ್ತೆ ಅಂದ. ಎರಡು ಮನೆಗೆ ಎರಡು ಹೆಣ ಕೊಟ್ಟು ನಡುವೆ ತಾನು ಆರಾಮಾಗಿ ಓಡಾಡಿಕೊಂಡಿದ್ದ. ದೀಪಾವಳಿಗೆ ನಾನು ಹೋಳಿಗೆ ಮಾಡಿ ಅವನಿಗೆ ಬಡಿಸುವ ಹೊತ್ತಿಗೆ ಅಲ್ಲಿ ನನ್ನ ಹೆಸರಿನ ಎಡೆ ಇಟ್ಟಾಗಿರುತ್ತಿತ್ತು. ಅಲ್ಲಿ ಅದನ್ನು ನೋಡಿ ಬಂದವನೇ ಇಲ್ಲಿ "ತುಪ್ಪಾ ಸ್ವಲ್ಪ ಹಾಕು" ಅನ್ನುತ್ತಿದ್ದ.

ಮುತ್ತೈದೆಯಾಗಿ ಹೋದೆನಂತೆ. ಅವನು ಹೋದ ದಿನ ಈ ಕೈಯ ಬಳೆ ಒಡೆದದ್ದನ್ನು ನೀನು ನೋಡಿದ್ದೀ. ಅಂದಿನಿಂದ ಬರಿ ಹಣೆಯಲ್ಲಿ ಓಣಿಯ ಮದುವೆಗಳಿಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂರುತ್ತೇನೆ. ಅಲ್ಲಿ ನನಗೆ ಕುಂಕುಮ ಏರುತ್ತಿದೆ.

ಅವಳು ನನ್ನ ಕೈ ಅಳಿಸಿದ್ದರೆ, ಅದರ ಮೇಲೆ ತನ್ನ ಕೈ ಒತ್ತಿದ್ದರೆ, ನನಗೆ ಅನುಕೂಲವಿತ್ತು. ಬೈಯಲು ಒಬ್ಬಳಿರುತ್ತಿದ್ದಳು. ಈಗ ನನ್ನ ಸೊಟ್ಟ ಬೆರಳನ್ನೂ ಕಾಪಾಡಿದವಳನ್ನು ಏನೆಂದು ಬೈಯಲಿ? ನನ್ನನ್ನು ಕಾಪಾಡು ಎಂದು ನಾನು ಅವಳ ಮುಂದೆ ಸೆರಗೊಡ್ಡಿದ್ದೆನೇ?

ಆ ಮನೆಗೆ ಮತ್ತೆ ಕಾಲಿಡಬೇಡ. ಆ ಫೋಟೋ ಎಲ್ಲಿಯೂ ತೂಗಬಾರದು.

ಭೀಮಕ್ಕ

*

ಖಾನಾಪುರ
14 ಅಕ್ಟೋಬರ್ 2024

ಅವ್ವಾ,

ಸುಳ್ಳು ಹೇಳುವುದು ನಮ್ಮ ಮನೆಯಲ್ಲಿ ಸಾಕಷ್ಟಾಗಿದೆ. ಆದ್ದರಿಂದ ಬರೆಯುತ್ತಿದ್ದೇನೆ. ಖಂಡೇಪೂಜೆಯ ದಿನ ಹೋಗಿದ್ದೆ.

ಮೋಡವಿತ್ತು, ಒಳ್ಳೆಯ ಬೆಳಕು. ಅವರು ಲಾರಿಯ ಮೂಗಿಗೆ ಚೆಂಡುಹೂವಿನ ಮಾಲೆ ಹಾಕಿ, ಅರಿಶಿನದ ಭಂಡಾರ ಎರಚಿದರು. ಒಂದರ ಹಿಂದೊಂದು ಫೋಟೋ ತೆಗೆಯುತ್ತಿದ್ದೆ. ಆಗ ಮಾಯಾ, "ಟೀಚರ್, ಸಾಕ ಮಾಡ್ರಿ ಆ ಟಕ್ ಟಕ್. ಕ್ಯಾಮೆರಾ ಕೆಳಗ ಇಟ್ಟು ನೀವೂ ಅಕ್ಕಗ ಒಂದೀಟ ಕುಂಕುಮ ಹಚ್ರಿ. ನಮ್ಮ ಮನಿಯಾಗ ಹೆಣ್ಣಮಗಳಿಲ್ಲ" ಅಂದಳು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಹಚ್ಚಿದೆ. ಬದುಕಿರುವ ನಿನ್ನ ಕೈಗೆ, ನಿನ್ನ ಮಗಳು.

ಆಮೇಲೆ ಬಾಗಿಲು ತೆರೆದು ಒಳಗೆ ಕುಳಿತೆ. ಸ್ಟೇರಿಂಗಿನಲ್ಲಿ ಒಂದೇ ಕಡೆ ಬಣ್ಣ ಸವೆದಿದೆ, ಎಡಗೈಯ ಜಾಗದಲ್ಲಿ. ಅಪ್ಪ ಬಲಗೈಯನ್ನು ಕಿಟಕಿಯ ಹೊರಗೆ ಚಾಚಿ ಆ ಹಳದಿ ಕೈಯ ಮೇಲೆ ಇಟ್ಟುಕೊಂಡೇ ಗಾಡಿ ಓಡಿಸುತ್ತಿದ್ದನಂತೆ. ಇದನ್ನೂ ಆಕೆಯೇ ಹೇಳಿದಳು.

ಅಂದು ತೆಗೆದ ಬಾಗಿಲಿನ ಫೋಟೋ ಪ್ರದರ್ಶನದಲ್ಲಿ ತೂಗುತ್ತದೆ. ಇಷ್ಟು ವರ್ಷಗಳಲ್ಲಿ ನಾನು ತೆಗೆದ ಒಳ್ಳೆಯ ಚಿತ್ರ ಅದೊಂದೇ. ಓಂಕಾರ ತಾಯಿಯನ್ನು ಕರೆತರುತ್ತಾನೆ. ಮಾಯಾಗೆ ನಿಜ ಹೇಳುವುದೋ ಬೇಡವೋ ನಿನಗೆ ಬಿಟ್ಟದ್ದು. ನೀನು ಹೇಳು ಎಂದರೆ ಅದೇ ದಿನ ಹೇಳುತ್ತೇನೆ.

ಅನುರಾಧಾ

*

ಹಿಂದವಾಡಿ
25 ಅಕ್ಟೋಬರ್ 2024

ನೀನು ನನ್ನ ಶ್ರಾದ್ಧ ಮಾಡಿ ಬಂದು ಬೆಳಕು ಚೆನ್ನಾಗಿತ್ತು ಎಂದು ಬರೆದಿದ್ದೀ.

ಅವನ ಕೈ ಎಲ್ಲಿರುತ್ತಿತ್ತೆಂದು ತಿಳಿದುಕೊಳ್ಳಲು ಹಂಬಲಿಸಿದೆಯಲ್ಲ, ತಿಳಿಯಿತು. ಅದನ್ನು ನನಗೆ ಯಾಕೆ ಬರೆದೆ? ನನ್ನ ಸಿಟ್ಟು ಕಡಿಮೆಯಾಗಲೆಂದೇ?

ನೀನು ಏನೂ ಹೇಳಬೇಕಾಗಿಲ್ಲ. ಫೋಟೋ ತೂಗು. ನಾನೇ ಬರುತ್ತೇನೆ. ಎಲ್ಲರ ಮುಂದೆ ಅದರ ಮೇಲೆ ನನ್ನ ಕೈ ಇಟ್ಟು ತೋರಿಸುತ್ತೇನೆ. ಅವಳೂ ನೋಡಲಿ, ಅವಳ ಮಗನೂ ನೋಡಲಿ.

ಭೀಮಕ್ಕ ಭರಮಪ್ಪ ಪೂಜೇರಿ

*

ಖಾನಾಪುರ
12 ಡಿಸೆಂಬರ್ 2024

ಅವ್ವಾ,

ಟಿಳಕವಾಡಿಯ ಸಭಾಗೃಹ. ಭಾನುವಾರ, ಇಪ್ಪತ್ತೆರಡನೇ ತಾರೀಖು. ಅವರು ಬೆಳಗಿನ ಬಸ್ಸಿಗೆ ಬರುತ್ತಾರೆ. ಫೋಟೋ ಕಿಟಕಿಯ ಪಕ್ಕದ ಗೋಡೆಯಲ್ಲಿರುತ್ತದೆ. ನಾನು ನಿನ್ನನ್ನು ತಡೆಯುವುದಿಲ್ಲ.

ಅನುರಾಧಾ

*

ಹಿಂದವಾಡಿ
24 ಡಿಸೆಂಬರ್ 2024

ಅನುರಾಧಾ,

ನಾನು ಬಂದದ್ದನ್ನು ನೀನು ನೋಡಿದೆ. ಹೋದದ್ದನ್ನೂ ನೋಡಿದೆ. ನಡುವೆ ಏನಾಯಿತೆಂದು ಫೋನಿನಲ್ಲಿ ಚೇತನನನ್ನು ಕೇಳುತ್ತಿದ್ದೀಯಂತೆ. ಅವನಿಗೆ ಗೊತ್ತಿಲ್ಲ, ಗೊತ್ತಾಗಲೂ ಬಾರದು. ಒಂದು ಸಲ ಬರೆಯುತ್ತೇನೆ.

ಫೋಟೋದಲ್ಲಿ ಕೈ ನನ್ನ ಕೈಯಷ್ಟೇ ದೊಡ್ಡದಿತ್ತು. ಬೇಕೆಂದೇ ಹಾಗೆ ಮಾಡಿಸಿದ್ದೀಯೋ ಏನೋ. ನಾನು ಅದರ ಮುಂದೆ ನಿಂತು ಕಾಯುತ್ತಿದ್ದೆ. ನಿನ್ನ ಆ ಹಲ್ಲಿನ ಡಾಕ್ಟರ್ ಬಂದು, "ಆಜೀ, ಕುಂದರ್ರಿ" ಎಂದು ಕುರ್ಚಿ ಕೊಟ್ಟ. ಕುಳಿತೆ. ಕೈ ಸೆರಗಿನ ಒಳಗಿತ್ತು. ಅವರು ಬಂದ ಮೇಲೆಯೇ ತೆಗೆಯಬೇಕೆಂದು ಇಟ್ಟುಕೊಂಡಿದ್ದೆ.

ಅವರು ಬಂದರು. ಅವಳು ಬಾಗಿಲಲ್ಲೇ ಚಪ್ಪಲಿ ಬಿಟ್ಟಳು. ಅಲ್ಲಿ ಬೇರೆ ಯಾರೂ ಬಿಟ್ಟಿರಲಿಲ್ಲ. ನೇರವಾಗಿ ಬಂದು ಫೋಟೋದ ಮುಂದೆ ನಿಂತು ಎರಡೂ ಕೈ ಮುಗಿದಳು. ಯಾರೋ ಹುಡುಗರು ನಕ್ಕರು. ಅವಳಿಗೆ ಅದರ ಪರಿವೆ ಇರಲಿಲ್ಲ. ಆಮೇಲೆ ನನ್ನನ್ನು ನೋಡಿ, "ನೀವೂ ಇದನ್ನ ನೋಡಾಕ ಹತ್ತೀರೆನ್ರಿ ಅಕ್ಕಾರ? ನಮ್ಮ ಲಾರಿರಿ" ಅಂದಳು.

"ಕೈ ಯಾರದು?" ಅಂದೆ. ಜೀವಮಾನದಲ್ಲಿ ನಾನು ಬಾಯಿ ತೆರೆದು ಕೇಳಿದ ಪ್ರಶ್ನೆ ಅದೊಂದು.

"ನಮ್ಮ ದೊಡ್ಡಕ್ಕಂದ್ರಿ. ನಾ ಕಂಡಿಲ್ಲ. ಆದ್ರ ನನ್ನ ಮಗಾ ಹುಟ್ಟುವಾಗ, ಮನಿಯವರು ಹೋದಾಗ, ಆಕಿ ಕೈ ಹಿಡಕೊಂಡ ಅತ್ತೇನ್ರಿ. ತಗಡ ಖರೇ, ಆದ್ರ ಅಷ್ಟ ತಂಪ ಕೈ ನನಗ ಮತ್ತೊಂದ ಸಿಗಲಿಲ್ಲ."

ಅವನ ಸಂಸಾರ ಮಾಡಿ, ಅವನ ತಾಯಿಯ ಮಲ ಬಳಿದು, ನಿಮ್ಮಿಬ್ಬರನ್ನು ಬೆಳೆಸಿದ ಕೈ ಇದು. ಯಾರೂ ಇದಕ್ಕೆ ಕೈ ಮುಗಿದಿರಲಿಲ್ಲ. ಸೆರಗಿನಿಂದ ತೆಗೆದ ಕ್ಷಣ ಇದು ಮೋಸಹೋದ ಒಬ್ಬ ವಿಧವೆಯ ಕೈಯಾಗುತ್ತಿತ್ತು. ಅವಳೂ ಅದೇ ಆಗುತ್ತಿದ್ದಳು. ನನಗೆ ಅವಳ ಚಿಂತೆ ಇರಲಿಲ್ಲ, ದಯೆ ಗಿಯೆ ಎಂದು ನೀನು ಯಾರ ಹತ್ತಿರವೂ ಹೇಳಬೇಡ. ಅವಳ ಜೊತೆ ಒಂದೇ ಸಾಲಿನಲ್ಲಿ ನಿಲ್ಲಲು ನನಗೆ ಮನಸ್ಸಾಗಲಿಲ್ಲ, ಅಷ್ಟೇ.

ಆಗ ಅವಳು, "ನಮ್ಮಕ್ಕ ಇದ್ದಿದ್ರ ನಿಮ್ಮಷ್ಟ ಆಗಿರ್ತಿದ್ಳರಿ. ಹಿರ್ಯಾರದೀರಿ, ಆಶೀರ್ವಾದ ಮಾಡ್ರಿ" ಎಂದು ಬಗ್ಗಿ ನನ್ನ ಕಾಲು ಮುಟ್ಟಿದಳು. ಅಲ್ಲೇ ಕಾದಳು. ತಲೆಯ ಮೇಲೆ ಬಲಗೈ ಇಡಬೇಕು. ಎಡಗೈ ಇಡುವಂತಿಲ್ಲ. ನಾನು ಅಲುಗಾಡಲಿಲ್ಲ. ಅವಳ ಬೈತಲೆ ಎಲ್ಲ ಬೆಳ್ಳಗಾಗಿದೆ.

ನೀನು ಆಚೆ ಗೋಡೆಯ ಹತ್ತಿರ ನಿಂತಿದ್ದೆ. ಕ್ಯಾಮೆರಾ ಕೊರಳಲ್ಲಿತ್ತು. ಎತ್ತಲಿಲ್ಲ. ಅಷ್ಟರ ಮಟ್ಟಿಗೆ ನನ್ನ ಮಗಳು. ಉಳಿದದ್ದನ್ನು ನಾನು ಮರೆತಿಲ್ಲ, ಮರೆಯುವುದೂ ಇಲ್ಲ. ಅವಳಿಗೆ ಏನೂ ಹೇಳಬೇಡ. ಮುಂದಿನ ದಸರೆಗೆ ಬಣ್ಣ ಮಾಸಿದ್ದರೆ ಅವರೇ ಬರೆಸಿಕೊಳ್ಳಲಿ, ನೀನು ಹೋಗಬೇಡ.

ಕೊನೆಗೆ ಅವಳೇ ಎದ್ದಳು. ಮಗ ಅವಳ ರಟ್ಟೆ ಹಿಡಿದು ಕರೆದೊಯ್ಯುತ್ತ, ನನಗೆ ಕೇಳಲೆಂದೇ, "ನಡಿಯವ್ವಾ. ಎಂಥಾ ಸೊಕ್ಕಿನ ಮುದುಕಿ ಅದಾಳ ನೋಡು, ಒಂದ ಕೈ ಎತ್ತಾಕ ಬರಲಿಲ್ಲ ಆಕಿಗೆ" ಅಂದ.

ನನ್ನ ಕಿವಿ ಮಂದವೆಂದು ನೀವೆಲ್ಲ ಅನ್ನುತ್ತೀರಿ. ಒಂದಕ್ಷರವೂ ತಪ್ಪಲಿಲ್ಲ. ದನಿ ಥೇಟ್ ನಿಮ್ಮಪ್ಪನದು.

ನಿನ್ನ ಅವ್ವ,
ಭೀಮಕ್ಕ